ಬೆನ್ನು ಮುಚ್ಚಿದ ಮೈಕ್

ಆಷಾಢ ಬಂತೆಂದರೆ ನಮ್ಮೂರಿನ ದೇವಸ್ಥಾನದ ಚಂದ್ರಶಾಲೆಯಲ್ಲಿ ತಾಳಮದ್ದಳೆ ಶುರು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಟ್ಟಿರುತ್ತವೆ, ಕಲಾವಿದರಿಗೆ ಬಿಡುವು, ಹೊರಗೆ ಬಿಡದ ಮಳೆ. ವೇಷವಿಲ್ಲ, ಕುಣಿತವಿಲ್ಲ, ಇರುವುದು ಪದ್ಯ ಮತ್ತು ಮಾತು. ಹೀಗಾಗಿ ಮೈಕ್ ಕೆಟ್ಟರೆ ಪ್ರಸಂಗವೇ ಕೆಟ್ಟಂತೆ. ಈ ವರ್ಷದ ಮೊದಲ ಕೂಟದಲ್ಲಿ ಅದೇ ಆಯಿತು. ಪದ್ಯ ಹಾಡುವ ಭಾಗವತರು ಏರುಶ್ರುತಿಗೆ ಹೋದಾಗಲೆಲ್ಲ ಸ್ಪೀಕರ್ ಕುಂಯ್ ಎಂದು ಕೂಗಿತು. ಧ್ವನಿ ತಗ್ಗಿಸಿದರೆ ಹಿಂದಿನ ಸಾಲಿನವರಿಗೆ ಚಂಡೆ ಮಾತ್ರ ಕೇಳಿತು. ಕೊನೆಗೆ ಭಾಗವತರು ಮೈಕನ್ನು ಪಕ್ಕಕ್ಕೆ ಸರಿಸಿ ಬರಿಗಂಟಲಲ್ಲಿ ಮುಗಿಸಿದರು. ಎದ್ದು ಬಂದವರು ನನ್ನ ಹತ್ತಿರ, 'ಇದರಲ್ಲಿ ನನ್ನ ಸ್ವರ ತಗಡಿನ ಹಾಗೆ ಬರುತ್ತದೆ, ಎಷ್ಟು ಹತ್ತಿರ ಹಿಡಿದರೂ ತುಂಬಿಕೊಳ್ಳುವುದೇ ಇಲ್ಲ' ಎಂದರು. ಆ ಮಾತಿನ ಕೊನೆಯ ಅರ್ಧದಲ್ಲಿ ರೋಗದ ಹೆಸರೇ ಇತ್ತು. ನನಗೆ ಅದು ತಿಳಿಯಲು ಮೂರು ಸಂಜೆ ಬೇಕಾಯಿತು.

ದೇವಸ್ಥಾನದಲ್ಲಿರುವುದು ಒಂದೇ ದಿನ ಕೊಂಡ ಒಂದೇ ಮಾದರಿಯ ಎರಡು ಡೈನಮಿಕ್ ಮೈಕ್‌ಗಳು, ಅಂದರೆ ಶಬ್ದಕ್ಕೆ ಅಲುಗುವ ತೆಳು ಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ಸಂದಿಯಲ್ಲಿ ಆಡಿ ಕರೆಂಟು ಹುಟ್ಟಿಸುವಂಥವು. ಒಂದರ ಹಿಡಿಯ ಮೇಲೆ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮದ ಕಲೆ ಹಾಗೆಯೇ ಉಳಿದಿದೆ. ಕೂಗುತ್ತಿದ್ದುದು ಅದು. ಇನ್ನೊಂದನ್ನು ಬೋಳು ಮೈಕ್ ಎನ್ನೋಣ. ಜೋಡಿ ಇರುವುದು ರಿಪೇರಿ ಮಾಡುವವನ ಪುಣ್ಯ. ಯಾವುದು ಸರಿ, ಯಾವುದು ತಪ್ಪು ಎಂದು ಊಹಿಸುತ್ತಾ ಕೂರಬೇಕಿಲ್ಲ, ಪಕ್ಕದಲ್ಲಿಟ್ಟು ನೋಡಿದರಾಯಿತು.

ಮೊದಲ ಸಂಜೆ ಹಾಳಾದದ್ದು ಅಭ್ಯಾಸಬಲದಿಂದ. ಮೈಕ್ ಎಂದರೆ ಕೇಬಲ್, ಕೇಬಲ್ ಎಂದರೆ ತುದಿಯ ಬೆಸುಗೆ. ಎರಡು ಪ್ಲಗ್ ಬಿಚ್ಚಿ ಹೊಸದಾಗಿ ಬೆಸೆದೆ. ಮಲ್ಟಿಮೀಟರ್ ಹಚ್ಚಿದರೆ ಎರಡೂ ಮೈಕ್‌ಗಳ ಸುರುಳಿ ಸುಮಾರು 500 ಓಮ್ ತೋರಿಸಿದವು. ಮೀಟರಿನ ಕಡ್ಡಿ ತಾಗಿದಾಗ ಎರಡರಿಂದಲೂ ಟಿಕ್ ಎಂಬ ಸಣ್ಣ ಸದ್ದು ಬಂತು. ಸುರುಳಿಗೆ ಕರೆಂಟು ಹೋಗಿ ಪೊರೆ ಅಲುಗಿದ ಸದ್ದು ಅದು. ಪೊರೆಗೆ ಜೀವವಿದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಇಲ್ಲ. ಬಾಯಿಯ ಹತ್ತಿರ ಹಿಡಿದು ಹಲೋ ಎಂದರೆ ಎರಡರ ಮಟ್ಟವೂ ಹೆಚ್ಚುಕಡಿಮೆ ಒಂದೇ. ಜಾಲರಿಯ ಒಳಗಿನ ಸ್ಪಂಜು ಪುಡಿಯಾಗಿತ್ತು. ಅದೇ ಕಾರಣವೆಂದು ತೀರ್ಮಾನಿಸಿ ಹೊಸ ಸ್ಪಂಜು ಕತ್ತರಿಸಿ ಹಾಕಿದೆ. ಚಂದ್ರಶಾಲೆಗೆ ಒಯ್ದು ಹಚ್ಚಿದರೆ ಮತ್ತೆ ಅದೇ ಕುಂಯ್.

ಆಗ ಭಾಗವತರ ಮಾತು ನೆನಪಾಯಿತು. ಹತ್ತಿರ ಹಿಡಿದರೂ ತುಂಬಿಕೊಳ್ಳುವುದಿಲ್ಲ. ಅಂದರೆ ತೊಂದರೆ ಧ್ವನಿಯ ಮಟ್ಟದ್ದಲ್ಲ, ದೂರಕ್ಕೆ ತಕ್ಕಂತೆ ಧ್ವನಿ ಬದಲಾಗುವ ರೀತಿಯದ್ದು. ಒಂದೇ ಜಾಗದಲ್ಲಿ ನಿಂತು ಹಲೋ ಹಲೋ ಎನ್ನುವುದರಿಂದ ಅದು ಸಿಕ್ಕುವುದು ಸಾಧ್ಯವಿರಲಿಲ್ಲ. ದೂರವನ್ನು ಬದಲಿಸುತ್ತಾ ಅಳೆಯಬೇಕಿತ್ತು.

ಅಳತೆಗೆ ಒಂದು ಸಾಕ್ಷಿ ಮೈಕ್

ಎರಡು ಮೈಕ್‌ಗಳನ್ನು ಒಂದಕ್ಕೊಂದು ಹೋಲಿಸುವುದರ ಜೊತೆಗೆ, ದೂರದ ವಿಷಯದಲ್ಲಿ ಯಾವ ಚೇಷ್ಟೆಯನ್ನೂ ಮಾಡದ ಮೂರನೆಯ ಸಾಕ್ಷಿ ಬೇಕಿತ್ತು. ಅದಕ್ಕೆ ಇಪ್ಪತ್ತು ರೂಪಾಯಿಯ ಎಲೆಕ್ಟ್ರೆಟ್ ಗುಂಡಿ ಸಾಕು. 1962ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ, ಶಾಶ್ವತ ವಿದ್ಯುದಾವೇಶ ಹಿಡಿದಿಟ್ಟ ತೆಳು ಪೊರೆಯ ಮೈಕ್‌ನ ಸಂತತಿ ಇದು. ಕೊಳ್ಳುವಾಗ ಒಂದನ್ನು ನೋಡಿಕೊಳ್ಳಬೇಕು: ಗುಂಡಿಯ ಬೆನ್ನಿನಲ್ಲಿ ತೂತು ಇರಬಾರದು. ತೂತಿಲ್ಲದ್ದು ಮುಂದಿನಿಂದ ಬರುವ ಗಾಳಿಯ ಒತ್ತಡವನ್ನು ಮಾತ್ರ ಅಳೆಯುತ್ತದೆ. ಅದಕ್ಕೆ ಎಲ್ಲ ದಿಕ್ಕೂ ಒಂದೇ.

ಹಳೆಯ ಬಾಲ್‌ಪೆನ್ನಿನ ಹಿತ್ತಾಳೆ ಕೊಳವೆಯ ತುದಿಗೆ ಗುಂಡಿಯನ್ನು ಕೂರಿಸಿ ಸುತ್ತ ಅಂಟು ಹಾಕಿದೆ. 9 ವೋಲ್ಟ್ ಬ್ಯಾಟರಿ, 6.8 ಕಿಲೋ ಓಮ್‌ನ ಒಂದು ರೆಸಿಸ್ಟರ್, ಹೊರಹೋಗುವ ತಂತಿಗೆ 2.2 ಮೈಕ್ರೋಫ್ಯಾರಡ್‌ನ ಕೆಪಾಸಿಟರ್, ಅಷ್ಟೇ ಸರ್ಕ್ಯೂಟ್. ಕೊಳವೆ ತೆಳ್ಳಗಿರುವುದು ಮುಖ್ಯ. ದಪ್ಪ ಡಬ್ಬಿಯಲ್ಲಿ ಕೂರಿಸಿದರೆ ಡಬ್ಬಿಯ ಮುಖವೇ ಶಬ್ದವನ್ನು ಹಿಂದಕ್ಕೆ ಎಸೆದು ಲೆಕ್ಕ ಕೆಡಿಸುತ್ತದೆ.

ಶಬ್ದದ ಮೂಲಕ್ಕೆ ಹಳೆಯ ಕಾರಿನ ನಾಲ್ಕಿಂಚಿನ ಸ್ಪೀಕರನ್ನು ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಿಂದ ಎರಡು ಸ್ವರ: 100 ಹರ್ಟ್ಸ್‌ನ ಮಂದ್ರ, 1000 ಹರ್ಟ್ಸ್‌ನ ಸಿಳ್ಳೆ. ಮನೆಯೊಳಗೆ ಅಳೆಯುವುದು ವ್ಯರ್ಥ. ಗೋಡೆಗಳಿಂದ ಮರಳಿ ಬರುವ ಶಬ್ದ ಒಂದು ಹಂತದ ನಂತರ ನೇರ ಶಬ್ದವನ್ನೇ ಮೀರಿಸುತ್ತದೆ. ಮಂದ್ರವಂತೂ ಕೋಣೆಯ ಒಂದು ಮೂಲೆಯಲ್ಲಿ ಗುಡುಗಿ ಇನ್ನೊಂದು ಕಡೆ ಮಾಯವಾಗಿರುತ್ತದೆ. ಆದ್ದರಿಂದ ಅಂಗಳಕ್ಕೇ ಇಳಿಯಬೇಕು, ಅದೂ ಮಳೆಗಾಲದಲ್ಲಿ. ಮಳೆ ಹೊಳವಾಗಲಿ ಎಂದು ಎರಡು ರಾತ್ರಿ ಕಾದೆ. ಹೊಳವಾದ ರಾತ್ರಿ ಗದ್ದೆಯ ಗೋಂಕರು ಕಪ್ಪೆಗಳು ಕಛೇರಿ ಆರಂಭಿಸಿದ್ದವು. ಒಂದು ಕಪ್ಪೆಯಂತೂ ನನ್ನ ಸ್ವರ ನಿಂತಾಗ ಸರಿಯಾಗಿ ಉತ್ತರ ಕೊಡುತ್ತಿತ್ತು. ಪ್ರತಿ ಅಳತೆಯನ್ನೂ ಮೂರು ಸಲ ಮಾಡಬೇಕಾಯಿತು.

ಸ್ಪೀಕರ್ ಪೆಟ್ಟಿಗೆಯನ್ನು ಎತ್ತರದ ಸ್ಟೂಲಿನ ಮೇಲಿಟ್ಟು, ಎದುರಿಗೆ ಮರದ ಪಟ್ಟಿ ಚಾಚಿ, ಅದರ ಮೇಲೆ 5, 10, 20, 40 ಸೆಂಟಿಮೀಟರಿಗೆ ಗೆರೆ ಹಾಕಿದೆ. ಪ್ರತಿ ಗೆರೆಯೂ ಹಿಂದಿನದರ ಇಮ್ಮಡಿ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ಒತ್ತಡ ಅರ್ಧವಾಗುತ್ತದೆ, ಅಂದರೆ 6 ಡೆಸಿಬೆಲ್ ಇಳಿಯುತ್ತದೆ.

ಮೊದಲು ಪೆನ್ನಿನ ಮೈಕ್. 20ರಿಂದ 40ಕ್ಕೆ ಹೋದಾಗ ಇಳಿತ 6. ಹತ್ತರಿಂದ ಇಪ್ಪತ್ತಕ್ಕೆ ಆರಕ್ಕಿಂತ ಕೂದಲೆಳೆ ಕಡಿಮೆ. ಐದರಿಂದ ಹತ್ತಕ್ಕೆ ಬರೀ 5. ಪುಸ್ತಕದ ಸೂತ್ರ ತಪ್ಪಿತೇ ಎಂದು ಒಂದು ಕ್ಷಣ ಅನ್ನಿಸಿತು. ಸೂತ್ರ ಹೇಳುವುದು ಬಿಂದುವಿನಂಥ ಮೂಲಕ್ಕೆ. ನಾಲ್ಕಿಂಚಿನ ಸ್ಪೀಕರ್ ಐದು ಸೆಂಟಿಮೀಟರ್ ದೂರದಲ್ಲಿ ಬಿಂದುವಲ್ಲ, ತಟ್ಟೆ. ತಟ್ಟೆಯ ಅಂಚು ಮೈಕ್‌ನಿಂದ ಅದರ ನಡುವಿಗಿಂತ ದೂರದಲ್ಲಿರುತ್ತದೆ. ಹಾಗಾಗಿ ಬಹಳ ಹತ್ತಿರದಲ್ಲಿ ಇಳಿತ ಮಂದ. ಮುಖ್ಯ ವಿಷಯವೆಂದರೆ ಮಂದ್ರ ಮತ್ತು ಸಿಳ್ಳೆ ಎರಡೂ ಜೊತೆಜೊತೆಯಾಗಿಯೇ ಇಳಿದವು. ಪೆನ್ನಿನ ಮೈಕ್‌ಗೆ ದೂರ ಎಂದರೆ ಸದ್ದಿನ ಪ್ರಮಾಣ ಮಾತ್ರ, ಬಣ್ಣವಲ್ಲ.

ನಂತರ ಬೋಳು ಮೈಕ್. ಸಿಳ್ಳೆ ಪೆನ್ನಿನ ಮೈಕ್‌ನಂತೆಯೇ ಇಳಿಯಿತು. ಮಂದ್ರದ ಕಥೆ ಬೇರೆ. 40 ಸೆಂಟಿಮೀಟರಿನಲ್ಲಿ ಸಿಳ್ಳೆಗೂ ಮಂದ್ರಕ್ಕೂ ಇದ್ದ ಅಂತರವನ್ನು ಸೊನ್ನೆ ಎಂದಿಟ್ಟುಕೊಂಡರೆ, 20ರಲ್ಲಿ ಮಂದ್ರ 3 ಡೆಸಿಬೆಲ್ ಮೇಲೆದ್ದಿತು, 10ರಲ್ಲಿ 7, 5ರಲ್ಲಿ 11. ಸ್ಪೀಕರಿನ ಹತ್ತಿರ ಸರಿದಂತೆಲ್ಲ ಮೈಕ್ ತಾನಾಗಿಯೇ ಬೇಸ್ ಗುಂಡಿ ತಿರುಗಿಸಿಕೊಂಡಂತೆ.

ಕುಂಕುಮದ ಮೈಕ್‌ನಲ್ಲಿ ಅದೇ ಅಳತೆ: 20ರಲ್ಲಿ ಸೊನ್ನೆ, 10ರಲ್ಲಿ ಅರ್ಧ, 5ರಲ್ಲಿ ಒಂದು. ಡೈನಮಿಕ್ ಮೈಕ್ ಇಪ್ಪತ್ತು ರೂಪಾಯಿಯ ಗುಂಡಿಯ ಹಾಗೆ ವರ್ತಿಸುತ್ತಿತ್ತು.

ಎರಡು ಬಾಗಿಲಿನ ಮನೆ

ಇಲ್ಲಿ ಸ್ವಲ್ಪ ನಿಂತು ಕೈಮೈಕ್‌ನ ಒಳರಚನೆ ಹೇಳದಿದ್ದರೆ ಮುಂದಿನದು ಅರ್ಥವಾಗದು. ವೇದಿಕೆಯ ಕೈಮೈಕ್ ಬಹುಪಾಲು ಎದುರಿನ ಶಬ್ದವನ್ನು ಹಿಡಿದು ಬೆನ್ನ ಕಡೆಯದನ್ನು ಬಿಡುತ್ತದೆ. ಅದಕ್ಕೆ ಅದರಲ್ಲಿ ಎರಡು ಬಾಗಿಲುಗಳು. ಒಂದು ಪೊರೆಯ ಮುಂದೆ. ಇನ್ನೊಂದು ಪೊರೆ, ಸುರುಳಿಗಳನ್ನು ಹಿಡಿದಿರುವ ಡಬ್ಬಿಯ, ಅಂದರೆ ಕ್ಯಾಪ್ಸೂಲಿನ ಬದಿಯಲ್ಲಿ, ಜಾಲರಿಯ ಕೆಳಗಿನ ಅಂಚಿನ ಹತ್ತಿರ ಸಣ್ಣ ಸೀಳುಗಳಾಗಿ. ಹಿಂಬಾಗಿಲಿನಿಂದ ಹೊಕ್ಕ ಗಾಳಿಯ ಅಲೆ ಬಟ್ಟೆಯ ತುಣುಕು, ಇಕ್ಕಟ್ಟಾದ ಕೋಣೆಗಳನ್ನು ದಾಟಿ ತಡವಾಗಿ ಪೊರೆಯ ಬೆನ್ನು ತಲುಪುತ್ತದೆ. ಹಿಂದಿನಿಂದ ಬಂದ ಶಬ್ದ ಹೊರಗಿನಿಂದ ಸುತ್ತಿ ಮುಂಬಾಗಿಲು ಮುಟ್ಟುವಷ್ಟು ಹೊತ್ತನ್ನೇ ಒಳದಾರಿಯಲ್ಲೂ ಕಳೆದರೆ, ಪೊರೆಯ ಎರಡೂ ಮೈಗೆ ಒತ್ತಡ ಒಟ್ಟಿಗೆ ಬೀಳುತ್ತದೆ. ಪೊರೆ ಅಲುಗುವುದಿಲ್ಲ. ಡೈನಮಿಕ್ ಮೈಕ್‌ನ ಒಂದೇ ಕ್ಯಾಪ್ಸೂಲಿನಲ್ಲಿ ಇದನ್ನು ಸಾಧಿಸಿದವರು ಬೆಂಜಮಿನ್ ಬಾವರ್. ಅವರ ವಿನ್ಯಾಸದ ಯುನಿಡೈನ್ 55ನ್ನು ಶ್ಯೂರ್ ಕಂಪನಿ 1939ರಲ್ಲಿ ಹೊರತಂದಿತು. ಹಳೆಯ ಚಿತ್ರಗಳಲ್ಲಿ ಪಕ್ಕೆಲುಬಿನಂಥ ಗೆರೆಗಳಿರುವ ದೊಡ್ಡ ಬೆಳ್ಳಿಬಣ್ಣದ ಮೈಕ್ ಕಾಣುತ್ತದಲ್ಲ, ಅದೇ.

ಹೀಗೆ ಪೊರೆಯನ್ನು ಅಲುಗಿಸುವುದು ಮುಂದಿನ ಮತ್ತು ಹಿಂದಿನ ಒತ್ತಡದ ವ್ಯತ್ಯಾಸ. ದೂರದ ಶಬ್ದಕ್ಕೆ ಎರಡೂ ಬಾಗಿಲಲ್ಲಿ ಸದ್ದಿನ ಪ್ರಮಾಣ ಒಂದೇ, ಹೊತ್ತು ಮಾತ್ರ ತುಸು ಹಿಂದುಮುಂದು. ನೂರು ಹರ್ಟ್ಸ್‌ನ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಎರಡೂವರೆ ಸೆಂಟಿಮೀಟರ್ ಅಂತರದಲ್ಲಿ ಅಂಥ ಅಲೆ ಎಷ್ಟು ತಾನೆ ಬದಲಾದೀತು? ವ್ಯತ್ಯಾಸ ಅತ್ಯಲ್ಪ. ಮಂದ್ರ ಇದರಿಂದ ಸೊರಗಬೇಕು. ತಯಾರಕರು ಪೊರೆಯ ಬಿಗಿತ, ತೂಕಗಳನ್ನು ಹೊಂದಿಸಿ ಮಂದ್ರಕ್ಕೆ ಮೊದಲೇ ಕೈಹಿಡಿದಿರುತ್ತಾರೆ.

ಈಗ ಬಾಯಿಯನ್ನು ಐದು ಸೆಂಟಿಮೀಟರಿಗೆ ತನ್ನಿ. ಮುಂಬಾಗಿಲಿಗೆ ಐದು, ಹಿಂಬಾಗಿಲಿಗೆ ಏಳೂವರೆ. ಒತ್ತಡವೇ ಒಂದಕ್ಕೆ ಒಂದೂವರೆ ಪಾಲಾಯಿತು. ಈ ವ್ಯತ್ಯಾಸಕ್ಕೆ ಮಂದ್ರ, ತಾರ ಎಂಬ ಭೇದವಿಲ್ಲ. ಆದರೆ ಮಂದ್ರಕ್ಕೆ ಮೊದಲೇ ಕೈಹಿಡಿದಾಗಿದೆಯಲ್ಲ, ಹಾಗಾಗಿ ಇದರ ಲಾಭವೆಲ್ಲ ಅದಕ್ಕೇ. ಸಾಮೀಪ್ಯ ಪರಿಣಾಮ ಎನ್ನುವುದು ಇದನ್ನೇ. ಮೂಲದಿಂದ ನಲವತ್ತು ಸೆಂಟಿಮೀಟರ್ ದೂರವಾದರೆ ಎರಡು ಬಾಗಿಲಿನ ಅಂತರ ನಗಣ್ಯ, ಪರಿಣಾಮವೂ ಬಹುತೇಕ ಮಾಯ.

ಭಾಗವತರು ವರ್ಷಗಟ್ಟಲೆ ಬಳಸಿಕೊಂಡು ಬಂದದ್ದು ಇದನ್ನು. ಮೈಕ್ ಹತ್ತಿರ ಬಾಗಿ ಮಂದ್ರವನ್ನು ತುಂಬಿಸುವುದು, ಏರಿನಲ್ಲಿ ತಲೆ ಹಿಂದಕ್ಕೆ ಎಳೆಯುವುದು. ಕುಂಕುಮದ ಮೈಕ್‌ನಲ್ಲಿ ಬಾಗಿದರೆ ಸದ್ದು ಹೆಚ್ಚುತ್ತಿತ್ತು, ಮೈ ತುಂಬುತ್ತಿರಲಿಲ್ಲ. ಅಂದರೆ ಹಿಂಬಾಗಿಲು ಮುಚ್ಚಿದೆ. ಖಾತ್ರಿಗೆ ಮೈಕನ್ನು ನಲವತ್ತು ಸೆಂಟಿಮೀಟರಿನಲ್ಲೇ ಇಟ್ಟು ಬೆನ್ನು ತಿರುಗಿಸಿ ಸಿಳ್ಳೆ ಕೇಳಿಸಿದೆ. ಬೋಳು ಮೈಕ್‌ನಲ್ಲಿ 17 ಡೆಸಿಬೆಲ್ ಇಳಿಯಿತು. ಕುಂಕುಮದ ಮೈಕ್‌ನಲ್ಲಿ ಎರಡೇ. ಕೂಗಿಗೂ ಕಾರಣ ಸಿಕ್ಕಿತು: ಸ್ಪೀಕರಿಗೆ ಬೆನ್ನು ಮಾಡಿ ನಿಲ್ಲಿಸಿದ್ದ ಮೈಕ್ ಬೆನ್ನಿನಿಂದಲೂ ಕೇಳಿಸಿಕೊಳ್ಳುತ್ತಿತ್ತು.

ಬಿಚ್ಚಿದಾಗ

ಜಾಲರಿ ತಿರುಗಿಸಿ ತೆಗೆದೆ. ಮೊದಲ ಸಂಜೆಯೂ ತೆಗೆದಿದ್ದೆ, ಆದರೆ ಆಗ ಕಣ್ಣೆಲ್ಲ ಸ್ಪಂಜಿನ ಮೇಲೆ. ಈಗ ಕ್ಯಾಪ್ಸೂಲಿನ ಸೊಂಟ ನೋಡಿದರೆ ಅಲ್ಲಿ ಕಪ್ಪು ಬಟ್ಟೆಯ ಟೇಪ್ ಮೂರು ಸುತ್ತು, ನೀಟಾಗಿ, ಸೀಳುಗಳ ಮೇಲೆಯೇ.

ಆ ಟೇಪ್ ಸುತ್ತಿದವನು ನಾನೇ. ಎರಡು ವರ್ಷದ ಹಿಂದೆ ಕ್ಯಾಪ್ಸೂಲ್ ಸಡಿಲವಾಗಿ ಹಿಡಿಯೊಳಗೆ ಲಟಲಟ ಎನ್ನುತ್ತಿತ್ತು. ಬಿಗಿಯಾಗಲಿ ಎಂದು ಸುತ್ತಿದ್ದೆ, ಲಟಲಟ ನಿಂತಿತ್ತು, ಭೇಷ್ ಎನ್ನಿಸಿಕೊಂಡಿದ್ದೆ. ಅಂದಿನಿಂದ ಅದು ಪಾತ್ರಗಳ ಮಾತನ್ನಾಡುವ ಅರ್ಥಧಾರಿಗಳ ಪಾಲಿನ ಮೈಕ್ ಆಗಿತ್ತು. ಅವರು ಮೊಳ ದೂರದಿಂದ ಮಾತನಾಡುವವರು, ಸ್ಪೀಕರಿನಿಂದಲೂ ದೂರ ಕೂರುವವರು. ಹಾಗಾಗಿ ದೋಷ ಹೊರಗೆ ಕಾಣಲಿಲ್ಲ. ಈ ವರ್ಷ ಅಕಸ್ಮಾತ್ ಭಾಗವತರ ಸ್ಟ್ಯಾಂಡಿಗೆ ಏರಿತು.

ಟೇಪ್ ಬಿಡಿಸುವುದು ಐದು ನಿಮಿಷ, ಅಂಟು ಬಿಡಿಸುವುದು ಒಂದು ತಾಸು. ಬಟ್ಟೆ ಟೇಪಿನ ಅಂಟು ಎರಡು ಬೇಸಿಗೆ ಕಂಡು ಬೆಲ್ಲದ ಪಾಕವಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ತೇವ ಮಾಡಿ ಒರೆಸಬೇಕು, ಸುರಿಯಬಾರದು; ಸುರಿದರೆ ಕರಗಿದ ಅಂಟು ಸೀಳಿನ ಒಳಗಿನ ಬಟ್ಟೆಗೆ ಇಳಿದು ಅಲ್ಲಿಯೇ ಒಣಗುತ್ತದೆ, ಆಮೇಲೆ ದೇವರೇ ಗತಿ. ಸೀಳಿನ ಅಂಚನ್ನು ಊದುಬತ್ತಿಯ ಕಡ್ಡಿ ಚೂಪು ಮಾಡಿ ಕೆರೆದೆ. ಉಕ್ಕಿನ ಸೂಜಿ ಹಿಡಿದಿದ್ದರೆ ಒಳಗಿನ ಅಯಸ್ಕಾಂತ ಅದನ್ನು ಪೊರೆಯ ಕಡೆ ಎಳೆಯುತ್ತಿತ್ತು. ಹಾಗೆಯೇ ಮೇಜಿನ ಮೇಲೆ ಅರದಿಂದ ಉಜ್ಜಿದ ಕಬ್ಬಿಣದ ಪುಡಿ ಇರಬಾರದು. ಒಂದು ಕಣ ಅಯಸ್ಕಾಂತದ ಸಂದಿಗೆ ಹೋದರೆ ಸುರುಳಿ ಉಜ್ಜಿಕೊಂಡು ಕರಕರ ಎನ್ನುತ್ತದೆ. ಹಳೆಯ ಸೀರೆಯ ಮೇಲೆ ಕೆಲಸ ಮಾಡಿದೆ. ಬಾಯಿಂದ ಊದಲೂ ಇಲ್ಲ.

ಲಟಲಟಕ್ಕೆ ಬೇರೆ ಉಪಾಯ ಬೇಕಿತ್ತು. ಸೈಕಲ್ ಟ್ಯೂಬಿನಿಂದ ಬೆರಳಗಲದ ಬಳೆ ಕತ್ತರಿಸಿ ಸೀಳುಗಳ ಕೆಳಗೆ, ಹಿಡಿಗೆ ಕೂರುವ ಜಾಗದಲ್ಲಿ ಹಾಕಿದೆ. ಮೊದಲನೆಯದು ಅಗಲವಾಗಿ ಅರ್ಧ ಸೀಳು ಮುಚ್ಚಿತು. ಎರಡನೆಯದು ಸರಿ ಕೂತಿತು. ರಬ್ಬರ್ ಆದ್ದರಿಂದ ಕೈ ಉಜ್ಜುವ ಸದ್ದೂ ಸ್ವಲ್ಪ ತಗ್ಗಿತು, ಅದು ಬಯಸದೇ ಬಂದ ಭಾಗ್ಯ.

ಮರುರಾತ್ರಿ ಮತ್ತೆ ಅಂಗಳ, ಮತ್ತೆ ಅದೇ ಕಪ್ಪೆ. ಕುಂಕುಮದ ಮೈಕ್‌ನ ಮಂದ್ರ ಈಗ 20ರಲ್ಲಿ ಎರಡೂವರೆ, 10ರಲ್ಲಿ ಆರೂವರೆ, 5ರಲ್ಲಿ ಹತ್ತು. ಬೆನ್ನು ತಿರುಗಿಸಿದರೆ 14 ಡೆಸಿಬೆಲ್ ಇಳಿತ. ಬೋಳು ಮೈಕ್‌ಗೆ ಪೂರ್ತಿ ಸಮವಲ್ಲ. ಒಳಗಿನ ಬಟ್ಟೆಗೆ ಅಂಟು ತುಸು ತಾಗಿರಬೇಕು. ಅಷ್ಟಕ್ಕಾಗಿ ಕ್ಯಾಪ್ಸೂಲನ್ನೇ ಬಿಚ್ಚುವ ಧೈರ್ಯ ನನಗಿಲ್ಲ.

ಕುತೂಹಲಕ್ಕೆ ಇನ್ನೊಂದು ಪರೀಕ್ಷೆ ಮಾಡಿದೆ. ಬೋಳು ಮೈಕ್‌ನ ಜಾಲರಿಯ ಕೆಳಭಾಗವನ್ನು ಮುಷ್ಟಿಯಲ್ಲಿ ಮುಚ್ಚಿ ಅಳೆದರೆ ಹದಿನೇಳರ ಇಳಿತ ನಾಲ್ಕಕ್ಕೆ ಬಂತು. ವೀರರಸ ಉಕ್ಕಿದಾಗ ಕೆಲವು ಅರ್ಥಧಾರಿಗಳು ಮೈಕ್‌ನ ಕುತ್ತಿಗೆ ಹಿಸುಕುತ್ತಾರಲ್ಲ, ಮರುಕ್ಷಣವೇ ಅದು ಕಿರುಚುತ್ತದಲ್ಲ, ಅದು ಇದೇ. ನನ್ನ ಟೇಪ್ ಮಾಡಿದ ಕೆಲಸವನ್ನು ಅವರ ಕೈ ಮಾಡುತ್ತದೆ.

ಗೇಣು, ಮೊಳ

ಮುಂದಿನ ಕೂಟಕ್ಕೆ ಮೈಕ್ ಹಚ್ಚುವಾಗ ಸೆಂಟಿಮೀಟರನ್ನು ಮನೆಯಲ್ಲಿ ಬಿಟ್ಟು ಹೋದೆ. ಗೇಣು, ಮೊಳ ಎಲ್ಲರ ಕೈಯಲ್ಲೇ ಇವೆ, ಸಾಲದ್ದಕ್ಕೆ ಎರಡು ಗೇಣಿಗೆ ಒಂದು ಮೊಳ. ಗೇಣಿನಿಂದ ಮೊಳಕ್ಕೆ ಸರಿದರೆ 6 ಡೆಸಿಬೆಲ್ ಹೋಯಿತು. ಅದನ್ನು ಮಿಕ್ಸರಿನಲ್ಲಿ ಮರಳಿ ಏರಿಸಿದರೆ ಚಂಡೆ, ಮಳೆ, ಸ್ಪೀಕರಿನ ಕೂಗು ಎಲ್ಲವೂ ಅಷ್ಟೇ ಏರುತ್ತವೆ.

ಭಾಗವತರಿಗೆ ನಾಲ್ಕು ಬೆರಳು ಎಂದು ಹೇಳಿದೆ. ಅಂದಾಜು ಏಳು ಸೆಂಟಿಮೀಟರ್. ಚಂಡೆ ಅವರ ಮೈಕ್‌ನಿಂದ ಒಂದೂವರೆ ಮೀಟರ್ ದೂರದಲ್ಲಿರುತ್ತದೆ. ಭಾಗವತರು ನಾಲ್ಕು ಬೆರಳಿನಿಂದ ಹನ್ನೆರಡು ಬೆರಳಿಗೆ, ಅಂದರೆ ಗೇಣಿಗೆ, ಹಿಂದೆ ಸರಿದರೆ ಅವರ ಸ್ವರ ಒಂಬತ್ತೂವರೆ ಡೆಸಿಬೆಲ್ ಇಳಿಯುತ್ತದೆ. ಚಂಡೆ ಎಲ್ಲಿತ್ತೋ ಅಲ್ಲೇ. 'ಚಂಡೆ ಜೋರಾಯಿತು' ಎಂದು ಚಂಡೆಯವರನ್ನು ಗದರುವ ಮುನ್ನ ಇದನ್ನು ನೋಡಿಕೊಳ್ಳಬೇಕು. ಮೈಕ್ ಬಾಯಿಗೆ ನೇರ ಇದ್ದರೆ ಪಕಾರ, ಬಕಾರದ ಗಾಳಿ ಹೊಡೆತ ಬೀಳುತ್ತದೆ, ಹಿಂಬಾಗಿಲು ತೆರೆದ ಮೈಕ್‌ಗೆ ಅದು ಇನ್ನೂ ಜೋರು. ಹಾಗಾಗಿ ಗಲ್ಲದ ಕೆಳಗಿನಿಂದ ಓರೆಯಾಗಿ ಇಟ್ಟೆ. ಮಂದ್ರ ಅತಿಯಾದರೆ ಮಿಕ್ಸರಿನ ತಗ್ಗುಸ್ವರ ಕಡಿತದ ಗುಂಡಿ ಇದೆ.

ಅರ್ಥಧಾರಿಗಳ ಸಾಲಿನಲ್ಲಿ ಬಾಡಿಗೆಯ ಎರಡು ಮೈಕ್ ಇದ್ದವು. ಇಬ್ಬರ ನಡುವೆ ಒಂದು ಮೈಕ್ ಎಂಬುದು ಹಳೆಯ ರೂಢಿ. ಒಬ್ಬರ ಮಾತು ಎರಡು ಮೈಕ್‌ಗೂ ಹೆಚ್ಚುಕಡಿಮೆ ಸಮವಾಗಿ ಬಿದ್ದರೆ ಪೊಳ್ಳು ಕೊಳವೆಯಲ್ಲಿ ಮಾತನಾಡಿದಂತೆ ಕೇಳುತ್ತದೆ. ದೂರದ ವ್ಯತ್ಯಾಸ 34 ಸೆಂಟಿಮೀಟರ್ ಆದರೆ ಒಂದು ಮಿಲಿಸೆಕೆಂಡ್ ತಡ, 500 ಹರ್ಟ್ಸ್ ಹತ್ತಿರ ಮೊದಲ ಹಳ್ಳ, ಅಂದರೆ ಆ ಸ್ವರದಲ್ಲಿ ಎರಡು ಮೈಕ್‌ಗಳ ಸದ್ದು ಒಂದನ್ನೊಂದು ಅಳಿಸುತ್ತದೆ. ಬಾಯಿಗೂ ಮೈಕ್‌ಗೂ ಒಂದು ಗೇಣಾದರೆ ಮೈಕ್ ಮೈಕ್‌ಗಳ ನಡುವೆ ಮೂರು ಗೇಣಾದರೂ ಇರಲಿ ಎಂಬ ನಿಯಮ ಇದಕ್ಕಾಗಿ. ಜಮಖಾನೆಯನ್ನು ಎಳೆದು ಆಸನಗಳನ್ನು ದೂರ ಮಾಡಿದೆ. ಹಿರಿಯ ಅರ್ಥಧಾರಿಯೊಬ್ಬರು, 'ಕೃಷ್ಣನಿಗೂ ಅರ್ಜುನನಿಗೂ ಇಷ್ಟು ದೂರವೇ?' ಎಂದರು.

ಭಾಗವತರು ಶ್ರುತಿ ಹಿಡಿದು ಮೈಕ್‌ಗೆ ಬಾಗಿ ಮೊದಲ ಪದ್ಯ ಎತ್ತಿಕೊಂಡರು. ಮಂದ್ರ ಕಂಬಗಳ ನಡುವೆ ತುಂಬಿ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ, ತಲೆಯನ್ನು ಮಾತ್ರ ಸ್ವಲ್ಪ ಆಡಿಸಿದರು. ಅದು ತಾಳಕ್ಕೋ ನನಗೋ ತಿಳಿಯದು. ಟೇಪ್ ಸುತ್ತಿದ್ದು ಯಾರೆಂದು ಅವರಿಗೆ ಇನ್ನೂ ಹೇಳಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ಬೋಳು ಮೈಕ್‌ನಿಂದ ಸಣ್ಣಗೆ ಲಟಲಟ ಕೇಳಲು ಶುರುವಾಯಿತು. ಸೈಕಲ್ ಟ್ಯೂಬಿನ ತುಂಡು ಇನ್ನೂ ಉಳಿದಿದೆ.